ಹಸಿರು ಬಾಗಿಲಿನ ಆ ಕಡೆ

೨೩ ಜನವರಿ ೧೯೫೫, ಭಾನುವಾರ

ಅಣ್ಣ ಆಂಬ್ರೋಸ್‌ನನ್ನು ಮಣ್ಣು ಮಾಡಿ ಇನ್ನೂ ವಾರ ತುಂಬಿಲ್ಲ, ಅವನ ಮಗ ಪೆರ್ರಿ ಇವತ್ತು ಊಟದ ಮೇಜಿನಲ್ಲೇ ಮನೆ ಕೆಡವುವ ಮಾತೆತ್ತಿದ. ಅದೂ ಕುರಿಮಾಂಸದ ಮೇಲೆ ಪುದೀನ ಸಾಸ್ ಸುರಿದುಕೊಳ್ಳುತ್ತಾ. ಕೆಟ್ಟ ಹುಡುಗನಲ್ಲ. ಆದರೆ ಲಂಡನ್ನಿನಲ್ಲಿ ಬೆಳೆದವನಿಗೆ ಮನೆ ಎಂದರೆ ಚಪ್ಪಲಿ ಇದ್ದ ಹಾಗೆ, ಸವೆದರೆ ಬಿಸಾಡುವುದು.

"ಗಸ್ಸಿ ಅತ್ತೆ, ಕೋಪ ಮಾಡ್ಕೋಬೇಡ. ಇದನ್ನ ನಾವು ಇಟ್ಕೊಂಡ್ರೆ ಇದೇ ನಮ್ಮನ್ನ ನುಂಗಿಹಾಕುತ್ತೆ. ಮಾಡು ಸೋರುತ್ತೆ, ಗೋಡೆ ಒಳಗೆಲ್ಲಾ ಬೂಷ್ಟು. ಅಪ್ಪ ಎರಡು ಕೋಣೇಲಿ ಬದುಕಿ, ಮಿಕ್ಕಿದ್ದಕ್ಕೆಲ್ಲಾ ಮುಸುಕು ಹಾಕಿ ಹೋದ್ರು."

"ನಿಮ್ಮಪ್ಪ ರಾಜನ ಹಾಗೆ ಬದುಕಿದ," ಎಂದೆ.

"ಹೌದು, ಒಂದರ ಮೇಲೊಂದು ಸ್ವೆಟರ್ ಹಾಕ್ಕೊಂಡ ರಾಜ."

ಮಾರ್ಚ್‌ನಲ್ಲಿ ಹಳೆಯ ಕಟ್ಟಡಗಳನ್ನು ಪರೀಕ್ಷಿಸುವ ಸರ್ಕಾರಿ ಅಧಿಕಾರಿ ಬರುತ್ತಾನಂತೆ. ಇದು ಉಳಿಯಬೇಕಾದ ಮನೆ ಎಂದು ಅವನು ಹೇಳಿದರೆ ರಿಪೇರಿಗೆ ಸರ್ಕಾರದ ನೆರವು ಸಿಗುತ್ತದೆ, ಮನೆ ಉಳಿಯುತ್ತದೆ. ಇಲ್ಲವಾದರೆ ಬೇಸಿಗೆಗೆ ಕೆಡವುವವರು ಬರುತ್ತಾರೆ. ನಾನು ಮಾಲ್ವರ್ನ್‌ನ ಹೋಟೆಲಿಗೆ ಹೋಗಬೇಕು, ನಿವೃತ್ತ ಕರ್ನಲ್‌ಗಳ ಕೆಮ್ಮು ಕೇಳುತ್ತಾ ಸಾಯಲು. ಅಡುಗೆಯ ಮಿಸೆಸ್ ಟಪ್ ಲಡ್ಲೋದಲ್ಲಿರುವ ತನ್ನ ತಂಗಿಯ ಮನೆಗೆ. ನನ್ನನ್ನು ಯಾರೂ ಕೇಳಲಿಲ್ಲ.

ನಾನು ಹುಟ್ಟಿದ್ದು ಈ ಮನೆಯ ಕಂಬಸಾಲಿನ ಮೇಲಿನ ಕೋಣೆಯಲ್ಲಿ. ಇನ್ನೂರು ವರ್ಷದ ಹಿಂದೆ ನಮ್ಮ ಹಿರಿಯ ಸರ್ ಜೊಸಾಯ ಕ್ವಿಲ್ಟರ್ ಕಟ್ಟಿಸಿದ ಈ ಜೇನುಬಣ್ಣದ ಕಲ್ಲಿನ ಮುಂಭಾಗ, ಆಸರೆಯೇ ಇಲ್ಲದಂತೆ ಗೋಡೆಗಂಟಿ ಸುತ್ತಿ ಏರುವ ಮೆಟ್ಟಿಲು, ಇವನ್ನು ನೋಡಲು ಜನ ಕುದುರೆಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಹೆರೆಫರ್ಡ್ ಜಿಲ್ಲೆಯಲ್ಲಿ ಇರುವುದು ಎರಡೇ ಕಟ್ಟಡ, ಒಂದು ದೇವರದು, ಇನ್ನೊಂದು ನಮ್ಮದು ಎಂದು ಅಪ್ಪ ಹೇಳುತ್ತಿದ್ದರು. ಆ ಸರ್ಕಾರದವನಿಗೆ ವಿದರ್‌ಕೋಟ್ ಮನೆ ಏನೆಂದು ನಾನೇ ತೋರಿಸುತ್ತೇನೆ.

೩೧ ಜನವರಿ, ಸೋಮವಾರ

ಬೆಳಗಿನ ಕೋಣೆಯಲ್ಲಿ ಅಡುಗೆಮನೆಗೆ ಕರೆಯುವ ಗಂಟೆ ಎಳೆದೆ, ಹಗ್ಗ ಕೈಗೇ ಬಂತು. ಗೋಡೆಯೊಳಗಿನ ತಂತಿ ತುಕ್ಕು ಹಿಡಿದು ತುಂಡಾಗಿರಬೇಕು. ಟೀ ಬರಲಿಲ್ಲ. ಕಾದೆ. ಬಾಯಿಂದ ಹೊಗೆ ಬರುವಷ್ಟು ಚಳಿ. ಕಲ್ಲಿದ್ದಲು ಸಾಲದು, ಅಡುಗೆಮನೆಯ ಒಲೆಯೊಂದು ಮಾತ್ರ ದಿನವಿಡೀ ಉರಿಯುತ್ತದೆ. ಕೊನೆಗೆ ಎದ್ದು ಮೆಟ್ಟಿಲ ಹಿಂದಿನ ಹಸಿರು ಬಾಗಿಲಿನ ತನಕ ಹೋದೆ.

ಹಿತ್ತಾಳೆ ಮೊಳೆ ಹೊಡೆದು ದಪ್ಪ ಹಸಿರು ಉಣ್ಣೆಬಟ್ಟೆ ಬಿಗಿದ ಬಾಗಿಲು ಅದು. ಆ ಕಡೆಯ ಪಾತ್ರೆಗಳ ಸದ್ದು, ಕೋಸಿನ ವಾಸನೆ ಈ ಕಡೆ ಬರಬಾರದೆಂದು. ಗಂಟೆ ಹೊಡೆದಾಗ ಆಳುಗಳು ಈ ಕಡೆ ಬರುತ್ತಾರೆ, ನಾವು ಆ ಕಡೆ ಹೋಗುವುದಿಲ್ಲ. ಇವತ್ತಿನ ಅಡುಗೆ ಏನೆಂದು ಕೇಳಲು ಅಡುಗೆಯವಳೇ ಬೆಳಗಿನ ಕೋಣೆಗೆ ಬರಬೇಕು. ಬಿಷಪ್ಪನಿಗೂ ಹೆದರದ ನಮ್ಮಮ್ಮ ಕೂಡ ಅಡುಗೆಮನೆಗೆ ಕಾಲಿಡಬೇಕಾದರೆ ಮೊದಲು ಹೇಳಿಕಳಿಸುತ್ತಿದ್ದಳು. ಅದು ಅಡುಗೆಯವಳ ರಾಜ್ಯ. ಚಿಕ್ಕವಳಿದ್ದಾಗ ಒಮ್ಮೆ ಈ ಬಾಗಿಲು ತಳ್ಳಿ ತಲೆ ಹಾಕಿದ್ದೆ. ದೊಡ್ಡ ಬೆಂಕಿ, ತಾಮ್ರದ ಪಾತ್ರೆಗಳು, ಯಾರೋ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಷ್ಟರಲ್ಲಿ ಅಮ್ಮ ಸೊಂಟಪಟ್ಟಿ ಹಿಡಿದು ಹಿಂದಕ್ಕೆಳೆದಳು. "ಅದು ನಮ್ಮ ಮನೆ ಅಲ್ಲ, ಆಗಸ್ಟಾ," ಎಂದಳು. ಆ ನಗು ಯಾತಕ್ಕೆಂದು ಬಹಳ ದಿನ ಯೋಚಿಸಿದ್ದೆ.

ಇವತ್ತು ಬಾಗಿಲು ತಟ್ಟಿ, ತಳ್ಳಿದೆ. ಹಿಟ್ಟಿನ ಕೈಯಲ್ಲೇ ಮಿಸೆಸ್ ಟಪ್ ಎದ್ದು ನಿಂತಳು.

"ಏನಾಯ್ತು ಅಮ್ಮಾವ್ರೇ? ಇನ್ಯಾರಾದ್ರೂ ಹೋದ್ರಾ?"

"ಗಂಟೆ ಕೆಟ್ಟಿದೆ. ಟೀ..."

"ತರ್ತೀನಿ ತರ್ತೀನಿ, ನೀವು ಆ ಕಡೆ ನಡೀರಿ."

"ಇಲ್ಲೇ ಕುಡಿದುಬಿಡ್ತೀನಿ. ನಿಮ್ಮ ಅಪ್ಪಣೆ ಇದ್ರೆ."

ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಕೂತ್ಕೊಳ್ಳಿ. ಆ ಕುರ್ಚಿ ಬ್ಯಾಡ, ಅದು ಬೆಕ್ಕಿಂದು."

ಟೀ ವಿಪರೀತ ಕಡುವಾಗಿತ್ತು. ಎರಡು ಕಪ್ ಕುಡಿದೆ, ಚಳಿಗೆ.

೯ ಫೆಬ್ರವರಿ, ಬುಧವಾರ

ಗಂಟೆಯ ತಂತಿ ಇನ್ನೂ ಸರಿಯಾಗಿಲ್ಲ. ಕಮ್ಮಾರನಿಗೆ ಹೇಳಿಕಳಿಸಬೇಕು, ಆತುರವೇನಿಲ್ಲ. ಸೋಮವಾರ ಅಡುಗೆಯ ಬಗ್ಗೆ ಮಾತಾಡಲು ಆ ಕಡೆ ಹೋಗಿದ್ದೆ. ನಿನ್ನೆ ಪತ್ರಿಕೆ ಕೊಡಲು. ಇವತ್ತು ಬೆಕ್ಕಿಗೆ ಹುಷಾರಿಲ್ಲವೇನೋ ಅನ್ನಿಸಿತು, ನೋಡಿಬಂದೆ. ಚೆನ್ನಾಗಿಯೇ ಇದೆ.

೨೬ ಫೆಬ್ರವರಿ, ಶನಿವಾರ

ಅಧಿಕಾರಿ ಬರುವ ಮುನ್ನ ದೊಡ್ಡ ಕೋಣೆಯನ್ನು ಸಜ್ಜುಗೊಳಿಸೋಣ ಎಂದು ಮಿಸೆಸ್ ಟಪ್‌ಗೆ ಹೇಳಿದೆ. ಕಸ ಹೊಡೆಯುವುದು ಅಡುಗೆಯವಳ ಕೆಲಸವಲ್ಲ, ಹಾಗಂತ ಹೇಳಿಯೂ ಹೇಳಿದಳು, ಆದರೂ ಬಂದಳು. ಈ ಮನೆಗೆ ಬಂದು ಇಷ್ಟು ಕಾಲವಾದರೂ ಅವಳು ಆ ಕೋಣೆಯನ್ನು ಹಗಲು ಬೆಳಕಿನಲ್ಲಿ ನೋಡಿದ್ದು ಇವತ್ತೇ ಮೊದಲಂತೆ. ಕುರ್ಚಿ ಮೇಜುಗಳ ಮುಸುಕು ಎಳೆದಾಗ ಎದ್ದ ಧೂಳಿಗೆ ಇಬ್ಬರೂ ಸೀನಿದೆವು.

ಆಮೇಲೆ ಪರದೆ ಸರಿಸಿದೆ. ಬಿಸಿಲು ಬಂತು. ಚಾವಣಿಯ ಸುಣ್ಣದ ಹೂಬಳ್ಳಿ, ನಡುವೆ ಹಣ್ಣಿನ ಬುಟ್ಟಿ ಹೊತ್ತ ಪುಟ್ಟ ದೇವತೆಗಳು, ಒಬ್ಬನ ಮೂಗು ಯಾವಾಗಲೋ ಬಿದ್ದಿದೆ. ಅದನ್ನು ಬೀಳಿಸಿದ್ದು ಆಂಬ್ರೋಸ್, ಕವಣೆಯಿಂದ. ಕಿಟಕಿಯ ಗಾಜಿನ ಮೇಲೆ ನಮ್ಮ ಮುತ್ತಜ್ಜಿಯ ತಂಗಿ ವಜ್ರದುಂಗುರದಿಂದ ಕೊರೆದ ಹೆಸರು ಇನ್ನೂ ಇದೆ. ಇದೇ ನೆಲದ ಮೇಲೆ ಕ್ರಿಸ್ಮಸ್ ರಾತ್ರಿ ಕುಣಿತ ನಡೆಯುತ್ತಿತ್ತು. ಅಮ್ಮ ಮೆಟ್ಟಿಲಿಳಿದು ಬರುವಾಗ ಅವಳಿಗಿಂತ ಮೊದಲು ಅವಳ ರೇಷ್ಮೆಯ ಸದ್ದು ಬರುತ್ತಿತ್ತು. ನಾನು, ಆಂಬ್ರೋಸ್ ಮೇಲಿನ ಕಟಕಟೆಯ ಸಂದಿನಲ್ಲಿ ಮುಖವಿಟ್ಟು ನೋಡುತ್ತಿದ್ದೆವು. ಮೇಣದಬತ್ತಿಯ ಬಿಸಿ ಅಲ್ಲಿಯವರೆಗೆ ತಟ್ಟುತ್ತಿತ್ತು. ಆ ಸದ್ದನ್ನು ಇನ್ನೊಮ್ಮೆ ಕೇಳಲು ಏನು ಬೇಕಾದರೂ ಕೊಟ್ಟೇನು.

"ಆ ಕುಣಿತದ ದಿನ ನಿಮಗೆಲ್ಲಾ ಆ ಕಡೆ ಇಲ್ಲಿಯ ಸಂಗೀತ ಕೇಳಿಸ್ತಿತ್ತಾ?" ಎಂದು ಕೇಳಿದೆ.

"ಹಸ್ರು ಬಾಗ್ಲು ದಾಟಿ ಏನ್ ಕೇಳುಸ್ತದೆ? ಯಾರಾದ್ರೂ ತಟ್ಟೆ ತರೋಕೆ ಬಾಗ್ಲು ತೆಗ್ದಾಗ ಒಂಚೂರು ಬರೋದು. ಅಷ್ಟರಲ್ಲೇ ಒಂದು ಸುತ್ತು ಕುಣೀತಿದ್ವಿ."

ಮೂಗಿಲ್ಲದ ದೇವತೆಯನ್ನು ಅವಳಿಗೆ ತೋರಿಸಿದೆ. ಬಹಳ ನಕ್ಕಳು.

ಮುಂಭಾಗದ ಸುಳ್ಳುಕಿಟಕಿಯನ್ನೂ ತೋರಿಸಿದೆ. ಎಡಕ್ಕೆಷ್ಟು ಕಿಟಕಿಯೋ ಬಲಕ್ಕೂ ಅಷ್ಟೇ ಇರಬೇಕೆಂದು ಸರ್ ಜೊಸಾಯ ಬರೀ ಗೋಡೆಗೆ ಚೌಕಟ್ಟು ಕೂರಿಸಿ ಕಪ್ಪು ಬಣ್ಣ ಬಳಿಸಿದ್ದ. ಅದರ ಹಿಂದೆ ಒಬ್ಬಳು ಹುಡುಗಿ ಇದ್ದಾಳೆ, ಯಾರೂ ಅವಳಿಗೆ ಪರದೆ ಸರಿಸಿಕೊಡುವುದಿಲ್ಲ ಎಂದು ನಾನು ಚಿಕ್ಕಂದಿನಲ್ಲಿ ನಂಬಿದ್ದೆ. ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

೧೫ ಮಾರ್ಚ್, ಮಂಗಳವಾರ

ಅಧಿಕಾರಿ ಬಂದು ಹೋದ. ಹೆಸರು ಆಲ್ಸಪ್. ತೆಳ್ಳನೆಯ ಮನುಷ್ಯ, ವಿಪರೀತ ನೆಗಡಿ, ಮಾತಿಗೊಮ್ಮೆ "ಕ್ಷಮಿಸಿ".

ಅಪ್ಪ ಅತಿಥಿಗಳನ್ನು ಕರೆದೊಯ್ಯುತ್ತಿದ್ದ ದಾರಿಯಲ್ಲೇ ಕರೆದೊಯ್ದೆ. ಕಂಬಸಾಲು, ಮೆಟ್ಟಿಲು, ದೊಡ್ಡ ಕೋಣೆ, ಪುಸ್ತಕಗಳ ಬೆನ್ನು ಅಂಟಿಸಿ ಮರೆಮಾಡಿದ ಲೈಬ್ರರಿಯ ಕಳ್ಳಬಾಗಿಲು. ರಾಜನೊಬ್ಬ ಮಲಗಿದ್ದ ಮಂಚವನ್ನೂ ತೋರಿಸಿದೆ.

"ಯಾವ ರಾಜ?" ಎಂದ.

"ಓಡಿಹೋಗ್ತಿದ್ದ ರಾಜ. ಹೆಸರು ಹೇಳೋಕೆ ಅವನಿಗೆ ಪುರುಸೊತ್ತಿರಲಿಲ್ಲ."

"ಕ್ಷಮಿಸಿ ಮಿಸ್ ಕ್ವಿಲ್ಟರ್, ಈ ಮಂಚ ಆ ಗಲಾಟೆ ಎಲ್ಲಾ ಮುಗಿದು ನೂರು ವರ್ಷ ಆದ್ಮೇಲೆ ಮಾಡಿದ್ದು."

ಹೋಗಲಿ ಎಂದುಕೊಂಡೆ. ಆದರೆ ದೊಡ್ಡ ಕೋಣೆಯ ಕಿಟಕಿಯ ಪಕ್ಕದ ಹಲಗೆಗೆ ಅವನು ಪೆನ್ಸಿಲ್ ಕೆತ್ತುವ ಚಾಕು ಚುಚ್ಚಿದ. ಕೇಕಿನೊಳಗೆ ಹೋದ ಹಾಗೆ ಹಿಡಿಯ ತನಕ ಹೋಯಿತು. ಅಣಬೆಯ ವಾಸನೆ ಬಂತು. ಇನ್ನೊಂದು ಕಡೆ ಚುಚ್ಚಿದ, ಅಲ್ಲೂ ಹಾಗೆಯೇ. ಮೆಟ್ಟಿಲ ಬುಡದಲ್ಲಿ ಚುಚ್ಚುವಾಗ ನಾನು ಮುಖ ತಿರುಗಿಸಿದೆ. ಅವನು ಏನೂ ಹೇಳಲಿಲ್ಲ. ಡಾಕ್ಟರುಗಳು ಹೀಗೆ ಸುಮ್ಮನಾಗುವುದನ್ನು ಜನವರಿಯಲ್ಲಿ ನೋಡಿದ್ದೇನೆ.

ಹಸಿರು ಬಾಗಿಲಿನ ಹತ್ತಿರ ಬಂದು, "ಇಷ್ಟೇ. ಆ ಕಡೆ ನೋಡುವಂಥದ್ದೇನಿಲ್ಲ," ಎಂದೆ. ಅಪ್ಪನೂ ಇಲ್ಲೇ ಹೀಗೆಯೇ ಹೇಳುತ್ತಿದ್ದರು. ಅವನು ಹೂಂ ಎಂದು ಗಟ್ಟಿಯಾಗಿ ಸೀನಿದ. ಬಾಗಿಲು ತೆರೆದುಕೊಂಡಿತು.

"ಅಯ್ಯೋ ಪಾಪ, ಆ ಮನುಷ್ಯಂಗೆ ಒಂಚೂರು ಬಿಸಿ ಏನಾದ್ರೂ ಕೊಡಬಾರ್ದಾ ಅಮ್ಮಾವ್ರೇ? ಒಳಕ್ಕೆ ಕಳ್ಸಿ," ಎಂದಳು ಮಿಸೆಸ್ ಟಪ್.

ಒಲೆಯ ಮುಂದೆ ಕೂತು ಸೂಪು ಕುಡಿಯುತ್ತಿದ್ದವನು ಹಾಗೇ ಚಮಚ ಕೆಳಗಿಟ್ಟ. ಅಡುಗೆಮನೆಯ ಎರಡು ಗೋಡೆಗಳಿಂದ ಸುಣ್ಣ ಬಳಿದ ಎರಡು ಬಾಗಿದ ದಪ್ಪ ತೊಲೆಗಳು ಎದ್ದು ಚಾವಣಿಯೊಳಕ್ಕೆ ಹೋಗುತ್ತವೆ. ಮಿಸೆಸ್ ಟಪ್ ಒಂದಕ್ಕೆ ಈರುಳ್ಳಿಯ ಜಡೆ, ಇನ್ನೊಂದಕ್ಕೆ ಹಂದಿತೊಡೆ ತೂಗುಹಾಕಿದ್ದಾಳೆ. ಅವನು ಎದ್ದು ಹೋಗಿ ಒಂದರ ಮೇಲೆ ಕೈಯಿಟ್ಟ. ಚಾಕು ಚುಚ್ಚಿದ. ಚಾಕುವಿನ ತುದಿ ಮುರಿಯಿತು.

"ಮೇಲೆ ಏನಿದೆ?"

"ಸೇಬು," ಎಂದಳು ಮಿಸೆಸ್ ಟಪ್. "ಹುಷಾರು, ಏಣಿ ಅಲ್ಲಾಡ್ತದೆ."

ಬಹಳ ಹೊತ್ತು ಮೇಲೆ ನಡೆದಾಡುವ ಸದ್ದು ಕೇಳಿತು. ಇಳಿದು ಬಂದಾಗ ಮುಖ, ಕೈ, ಕಾಲರ್ ಎಲ್ಲಾ ಕಪ್ಪು. ನೆಗಡಿಯೇ ಮರೆತುಹೋದವನಂತೆ ನಗುತ್ತಿದ್ದ.

"ಇದು ಮಸಿ, ಮಿಸ್ ಕ್ವಿಲ್ಟರ್. ಐನೂರು ವರ್ಷದ ಹಿಂದಿನ ಮಸಿ! ಒಂದೇ ಓಕ್ ಮರವನ್ನ ಉದ್ದುದ್ದಕ್ಕೆ ಸೀಳಿ, ಎರಡು ಹೋಳನ್ನ ಎದುರುಬದುರು ನಿಲ್ಲಿಸಿದ್ದಾರೆ. ನೆಲದಿಂದ ಮಾಡಿನ ತುದಿ ತನಕ. ಆಗ ಹೊಗೆಗೂಡು ಇರಲಿಲ್ಲ. ನಡುಮನೇಲಿ ನೆಲದ ಮೇಲೇ ಬೆಂಕಿ, ಹೊಗೆ ಮಾಡಿನ ಸಂದೀಲಿ ಹೋಗ್ತಿತ್ತು."

"ಇದು ಅಡುಗೆಮನೆ," ಎಂದೆ.

"ಆಮೇಲೆ ಅಡುಗೆಮನೆ ಆಯ್ತು. ಮೊದಲು ಇದೇ ಮನೆ. ನಿಮ್ಮ ಸರ್ ಜೊಸಾಯಗೆ ನಾಚಿಕೆ ಆಗಿರ್ಬೇಕು, ಹೊರಗೆ ಇಟ್ಟಿಗೆ ಹೊದಿಸಿ, ಒಳಗೆ ಚಾವಣಿ ಹೊಡೆಸಿ, ಮುಂದೆ ಹೊಸದು ಕಟ್ಟಿಸಿದ್ರು. ಅದಕ್ಕೆ ಮುಂಚೆ ಮುನ್ನೂರು ವರ್ಷ ಕ್ವಿಲ್ಟರ್‌ಗಳು ಬದುಕಿದ್ದು ಇಲ್ಲೇ. ಯಜಮಾನ, ಮಕ್ಕಳು, ಆಳುಗಳು, ಎಲ್ಲಾ ಒಂದೇ ಬೆಂಕಿ ಸುತ್ತ."

"ಆಳುಗಳ ಜೊತೆ?"

"ಬೇರೆ ಬೆಂಕಿ ಎಲ್ಲಿತ್ತು?"

"ಹಂಗಾದ್ರೆ ನಮ್ಮ ಹಸ್ರು ಬಾಗ್ಲು?" ಎಂದು ಮಿಸೆಸ್ ಟಪ್ ಕೇಳಿದಳು.

"ಅದಾ? ಮೊನ್ನೆ ಮೊನ್ನೇದು."

೧೬ ಮಾರ್ಚ್

ನಮ್ಮ ಹಿರಿಯರು ಹಂದಿತೊಡೆಗಳ ಹಾಗೆ ಹೊಗೆಯಲ್ಲಿ ಕೂತಿದ್ದರಂತೆ! ಸರ್ಕಾರದ ದುಡ್ಡಿನಲ್ಲಿ ಬಂದು ಸರ್ಕಾರದ ನೆಗಡಿ ಹಂಚಿ ಹೋದವನ ಮಾತು. ಕೋಪ ಇಳಿದಿಲ್ಲ. ಆ ಕಡೆ ಕಾಲಿಡಲಿಲ್ಲ, ಮಧ್ಯಾಹ್ನದ ತನಕ.

೧೦ ಏಪ್ರಿಲ್, ಈಸ್ಟರ್ ಭಾನುವಾರ

ಚರ್ಚಿನಿಂದ ಬಂದ ಮೇಲೆ ಪೆರ್ರಿ ನನ್ನ ತೋಳು ಹಿಡಿದು ಹುಲ್ಲುಹಾಸಿಗೆ ಕರೆದೊಯ್ದ. ಅಲ್ಲಿ ನಿಂತರೆ ಇಡೀ ಮುಂಭಾಗ ಕಾಣುತ್ತದೆ. ಡ್ಯಾಫೊಡಿಲ್ ಹೂವು ತುಂಬಿದ್ದವು.

"ಅತ್ತೆ, ಸರ್ಕಾರದಿಂದ ಉತ್ತರ ಬಂದಿದೆ. ಮುಂಭಾಗ ಉಳಿಯಲ್ಲ. ಬೂಷ್ಟು ಮೆಟ್ಟಿಲನ್ನೂ ಬಿಟ್ಟಿಲ್ಲ, ಯಾರ ಕೈಲೂ ಏನೂ ಮಾಡೋಕಾಗಲ್ಲ. ಆದ್ರೆ ಅಡುಗೆಮನೆ ಇರೋ ಹಿಂಭಾಗದ ಒಂದು ಮೊಳೇನೂ ಮುಟ್ಟಬಾರದಂತೆ. ಅದಕ್ಕೆ ಬೇಕಾದ್ದೆಲ್ಲಾ ಅವರೇ ಮಾಡ್ತಾರೆ, ಬೇಸಿಗೇಲಿ ಜನರಿಗೆ ತೋರಿಸ್ಬೇಕು, ಅಷ್ಟೇ."

ನನಗೆ ಅಳು ಬಂತು. ಅಣ್ಣನ ಮಣ್ಣಿನ ದಿನ ಬಾರದ್ದು ಈಗ ಬಂತು. ಪೆರ್ರಿ ತನ್ನ ಕರವಸ್ತ್ರ ಕೊಟ್ಟ, ಅದರಲ್ಲಿ ಎಣ್ಣೆಯ ಕಲೆ.

"ಬೇಕಾದ್ರೆ ನೀನು ಹಿಂದಿನ ಮನೇಲಿ ಇರಬಹುದು," ಎಂದ. "ಅಡುಗೆಯವಳ ಕೋಣೆ ಪಕ್ಕ ಇನ್ನೊಂದು ಕೋಣೆ ಇದೆ. ನಿನಗೆ ಅಲ್ಲಿ ಆಗುತ್ತಾ? ಮಾಲ್ವರ್ನ್‌ನಲ್ಲಿ ನಲ್ಲಿ ತಿರುಗಿಸಿದ್ರೆ ಬಿಸಿನೀರು, ನೋಡು."

"ಅದನ್ನು ಹೇಳೋಕೆ ನೀನ್ಯಾರು?" ಎಂದೆ. "ಅದು ಮಿಸೆಸ್ ಟಪ್ ಅವರ ಜಾಗ. ಅವರನ್ನ ಕೇಳ್ಬೇಕು."

ಪೆರ್ರಿ ಬಾಯಿ ತೆರೆದು ನೋಡಿದ. ಇದರಲ್ಲಿ ಆಶ್ಚರ್ಯವೇನಿದೆಯೋ, ಇವತ್ತಿನ ಮಕ್ಕಳಿಗೆ ರೀತಿ ರಿವಾಜು ಗೊತ್ತಿಲ್ಲ.

ಹೋಗಿ ಕೇಳಿದೆ. ಅವಳು ಈಸ್ಟರ್ ಬನ್ನಿನ ತಟ್ಟೆ ಒಲೆಯಿಂದ ತೆಗೆಯುತ್ತಿದ್ದಳು. ಬೆನ್ನು ತಿರುಗಿಸಿಯೇ ಬನ್ನುಗಳನ್ನು ಒಂದೊಂದಾಗಿ ತಟ್ಟೆಯಿಂದ ಬಿಡಿಸಿ ಜೋಡಿಸಿದಳು. ಲಡ್ಲೋದ ತಂಗಿಗೆ ಬರುತ್ತೇನೆಂದು ಹೇಳಿಯಾಗಿದೆಯೇನೋ, ನನ್ನನ್ನು ದಿನವಿಡೀ ಸಹಿಸುವುದು ಆಗದೇನೋ, ಹೀಗೆ ಏನೇನೋ ಅನ್ನಿಸಿತು. ಇಷ್ಟು ಹೆದರಿದ್ದು ನೆನಪಿಲ್ಲ.

"ಒಂದು ಮಾತಿಗೆ ಒಪ್ಪಿದ್ರೆ ಇರಬೌದು," ಎಂದಳು.

"ಹೇಳಿ."

"ಮಿಸೆಸ್ ಟಪ್ ಅನ್ನೋದು ಬಿಡಬೇಕು. ದೊಡ್ಡ ಮನೆ ಅಡುಗೆಯೋಳು ಅಂತ ಗಂಡನಿಲ್ದೇನೇ ಮಿಸೆಸ್ ಆದೆ. ಸಾಕಾಗೋಯ್ತು."

"ಮತ್ತೆ ಏನಂತ ಕರೀಲಿ?"

"ಕೆಜಾಯ ಅಂತ ನನ್ನೆಸ್ರು. ನಮ್ಮವ್ವ ಕಿಜ್ಜಿ ಅನ್ನೋಳು."

ನಾಚಿಕೆಯಾಯಿತು. ಇಷ್ಟು ವರ್ಷ ಅವಳ ಕೈಯಡುಗೆ ಉಂಡು ಹೆಸರು ಕೇಳಿರಲಿಲ್ಲ. ಬನ್ನು ಬಿಸಿಯಿರುವಾಗಲೇ ತಿಂದೆವು, ಪೆರ್ರಿಯೂ ಬಂದು ಬೆಕ್ಕಿನ ಕುರ್ಚಿಯಲ್ಲಿ ಕೂತು ಬೈಸಿಕೊಂಡ.

೨೦ ಜೂನ್, ಸೋಮವಾರ

ಇವತ್ತು ಮೆಟ್ಟಿಲು ಬಿತ್ತು.

ಬೆಳಿಗ್ಗೆ ಕೆಲಸದವರು ಬರುವ ಮುನ್ನ ಒಬ್ಬಳೇ ಎಲ್ಲ ಕೋಣೆಗಳನ್ನೂ ಸುತ್ತಿಬಂದೆ. ಖಾಲಿ ಮನೆಯಲ್ಲಿ ನನ್ನ ಹೆಜ್ಜೆಯ ಸದ್ದು ಅಪ್ಪನ ಹೆಜ್ಜೆಯ ಹಾಗೆ ಕೇಳುತ್ತಿತ್ತು. ಆಂಬ್ರೋಸ್ ಟೀ ತಟ್ಟೆಯ ಮೇಲೆ ಕೂತು ಈ ಮೆಟ್ಟಿಲಿನಿಂದ ಜಾರಿ ಹಲ್ಲು ಮುರಿದುಕೊಂಡಿದ್ದ, ಅಲ್ಲಿ ಮರದ ಚಕ್ಕೆ ಎದ್ದ ಜಾಗ ಹಾಗೇ ಇತ್ತು. ಕೈಹಿಡಿಯ ಮರ ಎಲ್ಲರ ಅಂಗೈಗಳಿಂದ ನುಣುಪಾಗಿತ್ತು. ಅದನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಸವರಿಕೊಂಡು ಇಳಿದೆ. ಆಗ ಅಮ್ಮನ ರೇಷ್ಮೆಯ ಸದ್ದು ಕೇಳಿದೆನೆಂದು ಬರೆದರೆ ಸುಳ್ಳಾಗುತ್ತದೆ. ಕೇಳಲಿಲ್ಲ. ಕೇಳೀತೆಂದು ನಿಂತದ್ದು ನಿಜ.

ಕಿಜ್ಜಿ ಹುಲ್ಲುಹಾಸಿಗೆ ಎರಡು ಕುರ್ಚಿ ಹಾಕಿ, ಟೀ ಹಿಡಿದು ನಿಂತಿದ್ದಳು. ಧೂಳು ಎದ್ದಾಗ ಪೆರ್ರಿ ಸಿಗರೇಟು ಹಚ್ಚಲು ಹೋಗಿ ಆಗದೆ ದೂರ ಹೋದ. ಸುಳ್ಳುಕಿಟಕಿಯ ಗೋಡೆ ಕೊನೆಗೆ ಬಿತ್ತು. ಹಿಂದೆ ಬರೀ ಇಟ್ಟಿಗೆ, ಯಾವ ಹುಡುಗಿಯೂ ಇರಲಿಲ್ಲ.

"ಹೊರಗ್ ಬಂದ್ಬುಟ್ಲು ಬಿಡಿ," ಎಂದಳು ಕಿಜ್ಜಿ. ಅವಳಿಗೆ ಅದು ನೆನಪಿತ್ತು.

ಹಸಿರು ಬಾಗಿಲನ್ನೂ ಕೀಳೋದಾ ಎಂದು ಕೆಲಸದವರು ಕೇಳಿದರು. ಬೇಡ, ಮಳೆ ಒಳಗೆ ಬರುತ್ತದೆ, ಇರಲಿ ಎಂದು ಅವಳೇ ಹೇಳಿದಳು. ಈಗ ಅದನ್ನು ತೆರೆದರೆ ನೇರ ಹುಲ್ಲುಹಾಸು, ಆಚೆ ಬೆಟ್ಟ.

೧೦ ಸೆಪ್ಟೆಂಬರ್, ಶನಿವಾರ

ಇವತ್ತಿನಿಂದ ಜನರಿಗೆ ಪ್ರವೇಶ. ಹೊಸ ಮರದ ಬಾಗಿಲು ಇನ್ನೂ ಬಂದಿಲ್ಲವಾದ್ದರಿಂದ ಎಲ್ಲರೂ ಹಸಿರು ಬಾಗಿಲಿನಿಂದಲೇ ಒಳಗೆ ಬಂದರು. ಅದರ ಬಟ್ಟೆ ಮಳೆಗೆ ಬಣ್ಣ ಬಿಟ್ಟು, ಹಕ್ಕಿಗಳು ಗೂಡಿಗೆಂದು ಅಂಚು ಕಿತ್ತಿವೆ. ಸುಳ್ಳು ಚಾವಣಿ ತೆಗೆದಿರುವುದರಿಂದ ಒಳಗೆ ನಿಂತರೆ ಮಾಡಿನ ತುದಿಯವರೆಗೂ ಕಾಣುತ್ತದೆ. ಜನ ಬಂದವರೇ ತಲೆ ಎತ್ತಿ ಸುಮ್ಮನಾಗುತ್ತಾರೆ. ಮಸಿ ಮುಟ್ಟಬೇಡಿ ಎಂದು ಹೇಳಿ ಹೇಳಿ ಸಾಕಾಯಿತು.

ಡ್ಯಾಮ್ಸನ್ ಎಂಬ ಹುಳಿ ಪ್ಲಮ್ ಹಣ್ಣಿನ ಕಾಲ, ಜ್ಯಾಮ್ ಮಾಡದೆ ಇಟ್ಟರೆ ಹಣ್ಣು ಕೆಡುತ್ತದೆ. ಹಾಗಾಗಿ ಜನ ಬರುವ ಹೊತ್ತಿಗೂ ನಾವಿಬ್ಬರು ಮೇಜಿಗೆ ಕೂತು ಬೀಜ ತೆಗೆಯುತ್ತಿದ್ದೆವು. ನನ್ನ ಬೆರಳೆಲ್ಲಾ ನೇರಳೆ. ಮಧ್ಯೆ ಎದ್ದು ಜನರಿಗೆ ತೊಲೆ ತೋರಿಸಿ, ಮತ್ತೆ ಬಂದು ಕೂರುತ್ತಿದ್ದೆ. "ನೀನು ಮಾತಾಡೋದ್ರಲ್ಲೇ ಇರು, ಹಣ್ಣೆಲ್ಲಾ ನಾನೇ ಮಾಡ್ತೀನಿ," ಎಂದು ಕಿಜ್ಜಿ ಬೈದಳು. "ಈ ಮನೇಲಿ ಕೆಲಸ ಮಾಡೋಳು ನಾನೊಬ್ಳೇ."

ಬರ್ಮಿಂಗ್‌ಹ್ಯಾಮಿನಿಂದ ಬಂದಿದ್ದ ಒಬ್ಬ ಹೆಂಗಸು, ಹಕ್ಕಿಪುಕ್ಕದ ಟೋಪಿಯವಳು, ಎಲ್ಲ ನೋಡಿ ಮುಗಿಸಿ ನನ್ನ ಏಪ್ರನ್ ಮೇಲೆ ಕಣ್ಣಾಡಿಸಿದಳು.

"ಆ ದೊಡ್ಡವರು ಇರ್ತಿದ್ದ ಮನೆ ಎಲ್ಲಿತ್ತು?"

ಕಿಟಕಿಯಾಚೆ ಹುಲ್ಲುಹಾಸು ತೋರಿಸಿದೆ. "ಅಲ್ಲಿ. ಈಗಿಲ್ಲ."

"ಪಾಪ. ನೀವು ಅವರನ್ನ ಕಂಡಿದ್ರಾ? ನೀವು ಆ ಕಡೆಯವರಾ?"

ಕೈತುಂಬ ಹಣ್ಣು, ಒಲೆಯ ಮೇಲೆ ಪಾಕ ಉಕ್ಕುವುದರಲ್ಲಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ.

"ಇಲ್ಲಮ್ಮ. ನಾನು ಈ ಕಡೆಯವಳು."

ಹೆಂಗಸು ತಲೆಯಾಡಿಸಿ ಹೊರಟುಹೋದಳು. ತಿರುಗಿ ನೋಡಿದರೆ ಕಿಜ್ಜಿ ಚಾಕು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು. ಏನೆಂದು ಕೇಳಿದರೆ ಹೇಳಲಿಲ್ಲ. ಅವಳನ್ನು ನೋಡಿ ನನಗೂ ನಗು ಬಂತು. ಅಷ್ಟರಲ್ಲಿ ಪಾಕ ಉಕ್ಕಿತು. ಜ್ಯಾಮ್ ಸ್ವಲ್ಪ ಸೀದಿದೆ, ಆದರೂ ತಿನ್ನಬಹುದು.